ಎರಿ ಮಣ್ಣಿನ ಅಂಗಳಕ್ಕೆ ಮಳೆ ಲಿಲ್ಲಿ: ಗಡ್ಡೆಯಿಂದ ಹೂವಿನವರೆಗೆ ಸಮಗ್ರ ಮಾರ್ಗದರ್ಶಿ

ಮಳೆ ಲಿಲ್ಲಿ ಬೆಳೆಸಿದ ನಮ್ಮ ಕಡೆಯವರ ದೂರು ಹೆಚ್ಚುಕಡಿಮೆ ಒಂದೇ: "ಎಲಿ ಹುಲ್ಲಿನಂಗ ಬೆಳ್ದಾವ, ಹೂವ ಮಾತ್ರ ಒಂದೂ ಬಿಡವಲ್ದು." ನೀರು ಹೆಂಗ ಹಾಕ್ತೀರಿ ಎಂದು ಕೇಳಿದರೆ, ದಿನಾ ಬೆಳಿಗ್ಗೆ ಒಂದು ಚರಿಗಿ ಅನ್ನುತ್ತಾರೆ. ಹೂವು ತಪ್ಪುವುದು ಆ ಚರಿಗೆಯಿಂದಲೇ. ಈ ಗಡ್ಡೆಗೆ ಬೇಕಾದದ್ದು ಒಂದಷ್ಟು ದಿನ ಪೂರ್ತಿ ಒಣಗು, ಆಮೇಲೆ ಒಮ್ಮೆಲೇ ಮೈತುಂಬ ನೀರು. ದಿನಾ ಸ್ವಲ್ಪ ಸ್ವಲ್ಪ ಕುಡಿಸಿದರೆ ಎಲೆ ಬೆಳೆಸುತ್ತ ಕೂರುತ್ತದೆ.

ಕಲಬುರಗಿ, ಬೀದರ, ಯಾದಗಿರಿಯ ಹವೆ ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ಅಭಿಪ್ರಾಯ. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು, ನಡುವೆ ಎಲ್ಲೋ ಒಂದು ಗುಡುಗಿನ ಅವಕಾಳಿ ಮಳೆ, ಮಿರಗದಲ್ಲಿ (ಜೂನಿನ ಮೃಗಶಿರಾ ಮಳೆ) ಒಂದು ಜೋರು ಹೊಡೆತ, ಮತ್ತೆ ಹದಿನೈದು ದಿನ ಮುಗಿಲು ನೋಡುತ್ತ ಕೂರುವ ಬಿಡುವು. ತೊಗರಿ ಬಿತ್ತಿದವರಿಗೆ ಈ ಬಿಡುವು ಎದೆಬಡಿತ, ಮಳೆ ಲಿಲ್ಲಿಗೆ ಅದೇ ಹಬ್ಬ. ಮಲೆನಾಡಿನ ಹಾಗೆ ಬಿಡದೆ ಸುರಿಯುವ ಕಡೆ ಅದು ಎಲೆಯಲ್ಲೇ ಹೆಚ್ಚು ಕಾಲ ಕಳೆಯುತ್ತದೆ. ನಮ್ಮಲ್ಲಿ ಒಣಗು-ಮಳೆಯ ಪ್ರತಿ ಸುತ್ತಿಗೂ ಹೂವಿನ ಒಂದು ಅಲೆ ಸಿಗಬಹುದು. ಅಡ್ಡಿಯಾಗುವುದು ಎರಡೇ: ನೀರು ಹಿಡಿದಿಟ್ಟುಕೊಳ್ಳುವ ಎರಿ ಮಣ್ಣು, ಅಂದರೆ ಕರಿ ಮಣ್ಣು, ಮತ್ತು ಬೋರಿನ ಗಡಸು ನೀರು.

ಉಳ್ಳಾಗಡ್ಡಿಯ ನೆಂಟ, ಆದರೆ ಅಡುಗೆಮನೆಗೆ ಬೇಡ

ಮಳೆ ಲಿಲ್ಲಿಯ ಕುಲ ಜೆಫಿರಾಂಥೀಸ್. ತವರು ಅಮೆರಿಕ ಖಂಡಗಳು: ಮೆಕ್ಸಿಕೋ, ಕೆರಿಬಿಯನ್ ದ್ವೀಪಗಳು, ಅರ್ಜೆಂಟೀನಾ ಕಡೆಯ ನದಿ ಬಯಲು. ಸಸ್ಯವಿಜ್ಞಾನಿಗಳ ಎಪಿಜಿ ವರ್ಗೀಕರಣವು 2009ರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಕುಟುಂಬವನ್ನು ಅಮರಿಲ್ಲಿಡೇಸಿ ಎಂಬ ಕುಟುಂಬದೊಳಗೆ ಸೇರಿಸಿತು. ಮಳೆ ಲಿಲ್ಲಿ ಮೊದಲಿನಿಂದಲೂ ಆ ಮನೆಯದೇ, ಹಾಗಾಗಿ ಈಗ ಎರಡೂ ಒಂದೇ ಕುಟುಂಬದವು, ಉಪಕುಟುಂಬ ಮಾತ್ರ ಬೇರೆ.

ಆ ಬೇರೆತನ ಮನೆಮಂದಿಗೆ ಮುಖ್ಯ. ಮಳೆ ಲಿಲ್ಲಿಯ ಗಡ್ಡೆ ನೋಡಲು ಥೇಟ್ ಸಣ್ಣ ಉಳ್ಳಾಗಡ್ಡಿ: ಕಂದು ಸಿಪ್ಪೆ, ಒಳಗೆ ಬಿಳಿ ಪದರ, ಮೇಲೆ ಕತ್ತು. ಆದರೆ ಅದರಲ್ಲಿ ಲೈಕೋರಿನ್ ಎಂಬ ವಿಷಕಾರಿ ಕ್ಷಾರಾಭ ಇದೆ. ತಿಂದರೆ ಜೊಲ್ಲು, ವಾಂತಿ, ಭೇದಿ. ಉಳ್ಳಾಗಡ್ಡಿ ಕೊಯ್ದಾಗ ಬರುವ ಗಂಧಕದ ಘಾಟು ಇದಕ್ಕಿಲ್ಲ, ಗುರುತು ಹಿಡಿಯಲು ಅದು ಸುಲಭದ ದಾರಿ. ಬಿಡಿಸಿಟ್ಟ ಗಡ್ಡೆಗಳನ್ನು ಉಳ್ಳಾಗಡ್ಡಿ ಚೀಲದ ಪಕ್ಕ ಇಡಬೇಡಿ, ಕಾಗದದ ಪೊಟ್ಟಣಕ್ಕೆ ಹಾಕಿ ಹೆಸರು ಬರೆದು ಮೇಲಿನ ಹಲಗೆಗೆ ಏರಿಸಿ. ಆಡು, ಕರು, ನಾಯಿಗಳಿದ್ದ ಮನೆಯಲ್ಲಿ ಕಿತ್ತ ಗಡ್ಡೆ ನೆಲದ ಮೇಲೆ ಚೆಲ್ಲಬೇಡಿ. ಮಗು ಬಾಯಿಗೆ ಹಾಕಿಕೊಂಡಿತೆಂದು ಅನುಮಾನ ಬಂದರೂ ಗಿಡದ ಒಂದು ತುಂಡು ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಉಳ್ಳಾಗಡ್ಡಿಯ ಸ್ವಂತ ಕುಲವಾದ ಆಲಿಯಂನಲ್ಲೂ ಅಲಂಕಾರದ ಗಿಡಗಳಿವೆ. ನೇರಳೆ ಬಣ್ಣದ, ಚೆಂಡಿನಷ್ಟು ದಪ್ಪ ಹೂಗೊಂಚಲಿನ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಅದು ಆಲಿಯಂ ಜೈಗಾಂಟಿಯಂ, ಮಧ್ಯ ಏಷ್ಯಾದ ಗಿಡ. ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಫ್ರಿಜ್ಜಿನಲ್ಲಿಟ್ಟು ಮೋಸ ಮಾಡಲು ಹೊರಟರೂ, ಹೂ ಕಟ್ಟುವ ಹೊತ್ತಿಗೆ ನಮ್ಮ ಫೆಬ್ರವರಿ-ಮಾರ್ಚಿನ ಬಿಸಿಲು ಬಂದು ನಿಂತಿರುತ್ತದೆ. ದುಡ್ಡು ಹಾಳು ಮಾಡಿಕೊಳ್ಳಬೇಡಿ. ಚೆಂಡಿನಂಥ ಹೂವೇ ಬೇಕೆಂಬ ಆಸೆ ಇದ್ದರೆ ಅಕ್ಟೋಬರ್ ಕೊನೆಗೆ ಮೊಳಕೆ ಒಡೆದ ದಪ್ಪ ಉಳ್ಳಾಗಡ್ಡಿಗಳನ್ನು ನಾಲ್ಕಾರು ನೆಟ್ಟುಬಿಡಿ. ಬೀಜಕ್ಕಾಗಿ ಉಳ್ಳಾಗಡ್ಡಿ ಬೆಳೆಯುವ ರೈತರು ಮಾಡುವುದೂ ಇದನ್ನೇ. ಚಳಿಗಾಲ ಕಳೆಯುತ್ತಿದ್ದಂತೆ ಕೆಲವಾದರೂ ದಂಟು ಎತ್ತಿ ಬಿಳಿ ಚೆಂಡು ಬಿಡುತ್ತವೆ, ಜೇನುಹುಳು ಮುತ್ತುತ್ತವೆ. ಚಳಿ ತುಸು ಹೆಚ್ಚಿರುವ ಬೀದರಿನಲ್ಲಿ ಇದಕ್ಕೆ ಅವಕಾಶ ಇನ್ನೂ ಚೆನ್ನ. ಬಳ್ಳೊಳ್ಳಿ ವಾಸನೆಯ ಎಲೆ, ತಿಳಿ ನೇರಳೆ ಹೂವಿನ ಟಲ್ಬಾಗಿಯಾ ಎಂಬ ದಕ್ಷಿಣ ಆಫ್ರಿಕಾದ ಗಿಡವೂ ಇದೇ ಮನೆತನದ್ದು. ಸಿಕ್ಕರೆ ಹಾಕಿ, ಕೆಳಗೆ ಹೇಳುವ ಎತ್ತರದ ಮಡಿಯೇ ಅದಕ್ಕೂ ನಡೆಯುತ್ತದೆ. ಪೂರ್ತಿ ಒಣಗಿಸಬೇಡಿ, ಅಷ್ಟೇ.

ಯಾವ ಬಗೆ ಆರಿಸಬೇಕು

ಬಿಳಿ (ಜೆಫಿರಾಂಥೀಸ್ ಕ್ಯಾಂಡಿಡಾ): ಎಲೆ ದಪ್ಪ, ದುಂಡು, ಕಡುಹಸಿರು. ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿ ದಂಡೆಯ ಹಸಿ ನೆಲ ಇದರ ತವರು. ಹಾಗಾಗಿ ಉಳಿದವುಗಳಿಗಿಂತ ಹೆಚ್ಚು ನೀರು ತಡೆಯುತ್ತದೆ, ವರ್ಷಪೂರ್ತಿ ಎಲೆ ಉಳಿಸಿಕೊಳ್ಳುತ್ತದೆ, ಹೂವು ಮಳೆಗಾಲದ ಹಿಂಭಾಗದಲ್ಲಿ ಹೆಚ್ಚು. ಮಣ್ಣು ಬದಲಿಸುವ ಉಸಾಬರಿ ಬೇಡ ಅನ್ನುವವರಿಗೆ, ನಳದ ಕಟ್ಟೆಯ ಪಕ್ಕ ನೀರು ಹರಿಯುವ ಜಾಗ ಇದ್ದವರಿಗೆ ನಾನು ಹೇಳುವುದು ಇದೊಂದನ್ನೇ.

ದೊಡ್ಡ ಗುಲಾಬಿ (ಜೆಫಿರಾಂಥೀಸ್ ಕ್ಯಾರಿನೇಟಾ, ಹಳೆಯ ಪುಸ್ತಕಗಳಲ್ಲಿ ಗ್ರ್ಯಾಂಡಿಫ್ಲೋರಾ): ಚಪ್ಪಟೆ ಎಲೆ, ಅಂಗೈ ಅಗಲಕ್ಕೆ ಹತ್ತಿರದ ಹೂವು. "ಮಳೆ ಬಿದ್ದ ಮೇಲೆ ನೆಲದಿಂದ ಎದ್ದಿತು" ಎಂದು ಜನ ಬೆರಗಾಗುವುದು ಇದನ್ನು ನೋಡಿಯೇ. ಒಣಗಿಸಿದರೆ ಎಲೆ ಬೀಳಿಸಿ ಮಲಗುತ್ತದೆ, ಮಳೆಗೆ ಏಳುತ್ತದೆ. ನೀರು ನಿಂತರೆ ಕೊಳೆಯುತ್ತದೆ.

ಸಣ್ಣ ಗುಲಾಬಿ (ಜೆಫಿರಾಂಥೀಸ್ ರೋಸಿಯಾ): ಹೂವು 3 ಸೆಂಟಿಮೀಟರ್ ಆಸುಪಾಸು, ಗಂಟಲಲ್ಲಿ ಹಸಿರು. ದಾರಿಯಂಚಿಗೆ ಸಾಲಾಗಿ ಹಾಕಲು ಚೆಂದ, ಗಡ್ಡೆ ಬೇಗ ಹೆಚ್ಚುತ್ತದೆ.

ಹಳದಿ (ಜೆಫಿರಾಂಥೀಸ್ ಸಿಟ್ರಿನಾ): ಬೀಜ ಕಟ್ಟುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಒಂದು ಕುಂಡ ತಂದರೆ ಎರಡು ವರ್ಷದಲ್ಲಿ ಅಕ್ಕಪಕ್ಕದ ಕುಂಡದಲ್ಲೂ ಹಳದಿ ಹೂವು.

ಇವಲ್ಲದೆ ಪೀಚ್, ಕೆನೆ, ಗೆರೆಗೆರೆಯ ಬಣ್ಣದ ಮಿಶ್ರತಳಿಗಳು ಈಗ ಆನ್‌ಲೈನಿನಲ್ಲಿ ಧಾರಾಳ. ಮಿಶ್ರತಳಿ ಮಾಡುವ ಹುಚ್ಚು ನಮ್ಮ ದೇಶದಲ್ಲೂ ಹಳೆಯದೇ: ಕೊಲ್ಕತ್ತಾದಲ್ಲಿ ಸಿಡ್ನಿ ಪರ್ಸಿ-ಲ್ಯಾಂಕಾಸ್ಟರ್ ಕಳೆದ ಶತಮಾನದಲ್ಲೇ ಮಳೆ ಲಿಲ್ಲಿಗಳನ್ನು ಅಡ್ಡಹಾಯಿಸಿ ಹೊಸ ಬಣ್ಣ ತೆಗೆದಿದ್ದರು. ಆದರೆ ಮೊದಲ ವರ್ಷ ಮಿಶ್ರತಳಿಗೆ ಕೈಹಾಕಬೇಡಿ. ಬಿಳಿ ಮತ್ತು ದೊಡ್ಡ ಗುಲಾಬಿ ಎರಡನ್ನೂ ಹಾಕಿ, ನಿಮ್ಮ ಮಣ್ಣು ಯಾವುದಕ್ಕೆ ಒಲಿಯುತ್ತದೆ ನೋಡಿ.

ಗಡ್ಡೆ ತರುವಾಗ

ಎಲ್ಲಕ್ಕಿಂತ ಒಳ್ಳೆಯ ಮೂಲ ನಿಮ್ಮ ಓಣಿಯದೇ. ಮೂರು ವರ್ಷದ ಹಳೆಯ ಕುಂಡದಲ್ಲಿ ಗಡ್ಡೆ ಒತ್ತೊತ್ತಾಗಿ ತುಂಬಿರುತ್ತದೆ, ಕೇಳಿದರೆ ಹಿಡಿ ಕೊಡುತ್ತಾರೆ. ಈ ಹವೆಗೆ, ಈ ನೀರಿಗೆ ಒಗ್ಗಿದ ಗಡ್ಡೆ ಅದು. ನರ್ಸರಿಯಲ್ಲಾದರೆ ಮಳೆಗಾಲದಲ್ಲಿ ಹೂ ಬಿಟ್ಟಿರುವಾಗಲೇ ಕೊಳ್ಳಿ, ಬಣ್ಣದ ಬಗ್ಗೆ ತಕರಾರು ಇರುವುದಿಲ್ಲ. ಅಂಚೆಯಲ್ಲಿ ಬರುವ ಗಡ್ಡೆ ಗಟ್ಟಿಯಾಗಿರಬೇಕು, ಕೈಯಲ್ಲಿ ತೂಕ ತಿಳಿಯಬೇಕು, ಕತ್ತು ಒತ್ತಿದರೆ ಮೆತ್ತಗಾಗಬಾರದು. 2 ಸೆಂಟಿಮೀಟರ್ ದಪ್ಪ ಇದ್ದರೆ ಅದೇ ವರ್ಷ ಹೂವು ಬಂದೀತು. ಕಡಲೆಕಾಳಿನಷ್ಟಿದ್ದರೆ ಇನ್ನೊಂದು ಮಳೆಗಾಲ ಕಾಯಬೇಕು. ಬೇರು ಒಣಗಿ ಉದುರಿದ್ದರೆ ಚಿಂತೆ ಬೇಡ, ತಳದ ಬಿಲ್ಲೆ ಗಟ್ಟಿಯಿದ್ದರೆ ಹೊಸ ಬೇರು ಬರುತ್ತದೆ.

ಮಣ್ಣು: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಎರಿ ಮಣ್ಣಿನ ಗುಣ ನಮಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಚಪ್ಪಲಿಗೆ ಅಂಟಿಕೊಂಡು ಬಿಡುವುದಿಲ್ಲ. ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ತೊಗರಿಗೆ, ಬಿಳಿಜೋಳಕ್ಕೆ ಹಿಂಗಾರಿನಲ್ಲಿ ತೇವ ಉಳಿಸಿಕೊಡುವ ಗುಣ ಅದೇ. ಮಳೆ ಲಿಲ್ಲಿಗೆ ಮಾತ್ರ ಎರಡು ಕಡೆಯಿಂದ ಪೆಟ್ಟು: ಮಳೆಯಲ್ಲಿ ಗಡ್ಡೆ ಉಸಿರಾಡಲು ಗಾಳಿ ಇಲ್ಲ, ಬೇಸಿಗೆಯಲ್ಲಿ ಬಿರುಕು ಬೇರನ್ನು ಹರಿಯುತ್ತದೆ. ಇದರ ಜೊತೆಗೆ ಮಣ್ಣು ಕ್ಷಾರದ ಕಡೆ ವಾಲಿದೆ, ಪಿಎಚ್ 8ರ ಆಸುಪಾಸು ಸಾಮಾನ್ಯ.

ಮೊದಲು ಪರೀಕ್ಷೆ ಮಾಡಿ. ನೆಡಬೇಕೆಂದಿರುವ ಜಾಗದಲ್ಲಿ ಒಂದು ಅಡಿ ಆಳದ ಕುಣಿ ತೋಡಿ, ನೀರು ತುಂಬಿಸಿ, ಇಂಗಲು ಬಿಡಿ. ಮತ್ತೊಮ್ಮೆ ತುಂಬಿಸಿ. ನಾಲ್ಕಾರು ತಾಸಿನಲ್ಲಿ ಇಂಗಿದರೆ ನೆಲ ಸರಿ ಇದೆ. ಸಂಜೆ ತುಂಬಿಸಿದ್ದು ಬೆಳಿಗ್ಗೆಯೂ ನಿಂತಿದ್ದರೆ ಮಡಿ ಎತ್ತರಿಸದೆ ಗತಿ ಇಲ್ಲ. ಪಿಎಚ್, ಲವಣಾಂಶ ತಿಳಿಯಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ.

ಇಲ್ಲಿ ಬಹಳ ಜನ ಮಾಡುವ ಕೆಲಸ ಒಂದಿದೆ. ಎರಿ ನೆಲದಲ್ಲಿ ಕುಣಿ ತೋಡಿ, ಕರಿ ಮಣ್ಣು ತೆಗೆದುಹಾಕಿ, ಉಸುಕು-ಗೊಬ್ಬರ ತುಂಬಿ, ಅದರಲ್ಲಿ ಗಡ್ಡೆ ನೆಡುವುದು. ನೋಡಲು ಸರಿ ಅನ್ನಿಸುತ್ತದೆ. ಆದರೆ ಸುತ್ತಲಿನ ಜಿಗುಟು ಮಣ್ಣು ನೀರು ಬಿಡುವುದಿಲ್ಲ, ಉಸುಕಿನ ಕುಣಿಗೆ ನಾಲ್ಕೂ ಕಡೆಯ ನೀರು ಇಳಿಯುತ್ತದೆ, ಹೊರಹೋಗಲು ದಾರಿ ಇಲ್ಲ. ನೀವು ತೋಡಿದ್ದು ಒಂದು ಸಣ್ಣ ಬಾವಿ. ಗಡ್ಡೆ ಅದರ ತಳದಲ್ಲಿ ಮುಳುಗಿರುತ್ತದೆ. ಕರಿ ಮಣ್ಣಿನಲ್ಲಿ ಕೆಳಗೆ ಹೋಗಬೇಡಿ, ಮೇಲಕ್ಕೆ ಬನ್ನಿ.

ಮಡಿ ಕಟ್ಟುವ ಕ್ರಮ ಹೀಗೆ. ಮೇ ತಿಂಗಳಲ್ಲಿ, ನೆಲ ಒಣಗಿರುವಾಗಲೇ, ಒಂದು ಮೀಟರ್ ಅಗಲ ಗುರುತು ಮಾಡಿ. ಅದಕ್ಕಿಂತ ಅಗಲ ಮಾಡಿದರೆ ಕಳೆ ಕೀಳಲು ಒಳಗೆ ಕಾಲಿಡಬೇಕಾಗುತ್ತದೆ. ಮೇಲಿನ ಒಂದು ಗೇಣು ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ಹೆಂಟೆ ಒಡೆಯಿರಿ. ಸುತ್ತ ಶಹಾಬಾದ್ ಫರಸಿಯ ತುಂಡುಗಳನ್ನು ನಿಲ್ಲಿಸಿ, ನೆಲಮಟ್ಟದಿಂದ 20-25 ಸೆಂಟಿಮೀಟರ್ ಎತ್ತರ ಇರಲಿ. ಫರಸಿ ಅಗ್ಗ, ಕೈಗೆ ಸಿಗುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಕಲ್ಲಿನ ನಡುವೆ ಅಲ್ಲಲ್ಲಿ ಬೆರಳು ಹೋಗುವಷ್ಟು ಸಂದು ಬಿಡಿ, ನೀರು ಹೊರಬರಲಿ. ಬಿಸಿಲಿಗೆ ಈ ಕಲ್ಲು ಕಾಯುತ್ತದೆ, ಆದ್ದರಿಂದ ಗಡ್ಡೆಯನ್ನು ಕಲ್ಲಿನಿಂದ ಒಂದು ಚೋಟು ಒಳಗೆ ನೆಡಬೇಕು.

ತುಂಬುವ ಮಿಶ್ರಣ: ಬುಟ್ಟಿ ಲೆಕ್ಕದಲ್ಲಿ ಎರಡು ಬುಟ್ಟಿ ದಪ್ಪ ಉಸುಕು, ಒಂದು ಬುಟ್ಟಿ ಅಂಗಳದ ಕರಿ ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಹೆಂಡಿ ಗೊಬ್ಬರ ಅಥವಾ ಎರೆಗೊಬ್ಬರ. ಉಸುಕು ಅರ್ಧ ಪಾಲಾದರೂ ಇರಲೇಬೇಕು. ಕರಿ ಮಣ್ಣಿಗೆ ಹಿಡಿ ಉಸುಕು ಬೆರೆಸಿದರೆ ಅದು ಸಡಿಲಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಉಸುಕು ದುಬಾರಿ ಎಂದು ಫರಸಿ ಕೊಯ್ಯುವ ಕಡೆಯ ಕಲ್ಲಿನ ಪುಡಿ ತರುವವರಿದ್ದಾರೆ. ಅದು ಸುಣ್ಣದ ಕಲ್ಲು, ಮೊದಲೇ ಕ್ಷಾರವಿರುವ ಮಣ್ಣಿಗೆ ಮತ್ತಷ್ಟು ಸುಣ್ಣ ಸೇರುತ್ತದೆ. ಅದರ ಬದಲು ಕೆಂಪು ಮೊರಂ ಜರಡಿ ಹಿಡಿದು ಉಸುಕಿನ ಜೊತೆ ಸೇರಿಸಬಹುದು. ಒಲೆಯ ಬೂದಿಯೂ ಬೇಡ, ಕಾರಣ ಅದೇ.

ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನವರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಅಲ್ಲಿ ನೀರು ಬೇಗ ಬಸಿಯುತ್ತದೆ, ಕೊರತೆ ಇರುವುದು ಸಾರದ್ದು. ಮಡಿ ಒಂದು ಗೇಣಿನ ಅರ್ಧ ಎತ್ತರಿಸಿದರೆ ಸಾಕು, ಗೊಬ್ಬರದ ಪಾಲು ಹೆಚ್ಚಿಸಿ. ಯಾದಗಿರಿಯಲ್ಲಿ ಎರಿ, ಮಸಾರಿ (ಕೆಂಪು ಮಣ್ಣು) ಎರಡೂ ಇವೆ. ಸುರಪುರ, ಶಹಾಪುರ ಕಡೆ ಕಾಲುವೆ ನೀರಿನ ಗದ್ದೆಗಳ ಪಕ್ಕದ ಮನೆಯಾದರೆ ನೆಲದಡಿ ತೇವ ಸದಾ ಇರುತ್ತದೆ, ಮಡಿಯನ್ನು ಒಂದೂವರೆ ಗೇಣು ಎತ್ತರಿಸಿ ಅಥವಾ ಕುಂಡಕ್ಕೇ ಹೋಗಿ.

ಬಿಸಿಲಿನ ವಿಷಯ: ದಿನಕ್ಕೆ ಐದಾರು ತಾಸು ಬಿಸಿಲು ಬೇಕು, ನೆರಳಿನಲ್ಲಿ ಹೂವು ಕಡಿಮೆ. ಮನೆಯ ಮೂಡಣ ದಿಕ್ಕು ಎಲ್ಲಕ್ಕಿಂತ ಚೆನ್ನ, ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳುತ್ತದೆ. ಪಡುವಣ ಗೋಡೆಯ ಬುಡದಲ್ಲಿ ಮಾತ್ರ ನೆಡಬೇಡಿ.

ನೆಡುವುದು

ಕಾಲ: ರೋಹಿಣಿ ಮಳೆಯಿಂದ ಮಿರಗದವರೆಗೆ, ಅಂದರೆ ಮೇ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ. ಮಡಿ ಒಣಗಿರುವಾಗ ಒಣ ಗಡ್ಡೆ ನೆಟ್ಟು ಮಳೆಗೆ ಕಾಯುವುದು ಒಳ್ಳೆಯದು. ಕುಂಡದಿಂದ ಬಿಡಿಸಿದ ಹಸಿ ಗಡ್ಡೆಯಾದರೆ ಮಳೆಗಾಲದ ಯಾವಾಗ ಬೇಕಾದರೂ ನೆಡಿ.

ಗಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ, ಇಲ್ಲವೇ ಅದರ ಮೇಲೆ ಅರ್ಧ ಬೆರಳು ಮಣ್ಣು ಇರಲಿ. ಗಡ್ಡೆಯಿಂದ ಗಡ್ಡೆಗೆ 7ರಿಂದ 10 ಸೆಂಟಿಮೀಟರ್. ಒಂಟಿ ಗಡ್ಡೆಯ ಸಾಲು ಬೋಳು ಕಾಣುತ್ತದೆ, ಏಕೆಂದರೆ ಒಂದು ದಂಟಿಗೆ ಹೂವು ಒಂದೇ. ಐದಾರರ ಗುಂಪು ಮಾಡಿ ನೆಡಿ, ಗುಂಪುಗಳ ನಡುವೆ ಗೇಣು ಬಿಡಿ. ನೆಡುವ ಮುಂಚೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ ನಾಲ್ಕು ದಿನ ನೆರಳಲ್ಲಿಟ್ಟರೆ ಗಡ್ಡೆ ಕೊಳೆ ರೋಗ ಕಡಿಮೆಯಾಗುತ್ತದೆ.

ಕಳೆ ಕೀಳುವವರಿಗೆ ಗಿಡ ತೋರಿಸಿಡಿ. ಎಳೆ ಮಳೆ ಲಿಲ್ಲಿಯನ್ನು ಜೇಕು ಎಂದುಕೊಂಡು ಕಿತ್ತೆಸೆಯುವುದು ಬಹಳ. ಜೇಕಿನ ದಂಟು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಲಿಲ್ಲಿಯ ಎಲೆ ಮೆತ್ತಗೆ, ರಸಭರಿತ, ಬುಡದಲ್ಲಿ ಗಡ್ಡೆಯ ಕತ್ತು. ಕರಿಕಿ ಮಡಿಯೊಳಗೆ ನುಗ್ಗಿದರೆ ಗಡ್ಡೆಗಳ ನಡುವೆ ಬೇರು ಹೆಣೆದುಕೊಳ್ಳುತ್ತದೆ, ಆಮೇಲೆ ಪೂರ್ತಿ ಅಗೆಯದೆ ಬಿಡಿಸಲಾಗದು. ಅಂಚಿನಲ್ಲೇ ತಡೆಯಿರಿ.

ನೀರು: ಯಾವಾಗ ನಿಲ್ಲಿಸಬೇಕೆಂಬ ಲೆಕ್ಕ

ಮೊಗ್ಗು ಗಡ್ಡೆಯೊಳಗೆ ಮೊದಲೇ ತಯಾರಾಗಿರುತ್ತದೆ. ಒಣಗಿದ ಮಣ್ಣಿನಲ್ಲಿ ಅದು ತಡೆದು ಕೂತಿರುತ್ತದೆ, ನೆಲ ಆಳದವರೆಗೆ ನೆನೆದು ತಂಪಾದಾಗ ದಂಟು ನೂಕುತ್ತದೆ. ಜೋರು ಮಳೆಯಾದ ನಾಲ್ಕೈದು ದಿನಕ್ಕೆ ಹೂವು ಕಾಣುವುದು ಇದರಿಂದಲೇ. ಮೇಲಿನ ಎರಡು ಬೆರಳು ಮಣ್ಣು ತೊಯ್ಯುವ ತುಂತುರಿಗೆ ಅದು ಅಲುಗುವುದಿಲ್ಲ.

ಮೊದಲ ವರ್ಷ ಗಡ್ಡೆ ಬೇರೂರಬೇಕು, ಆದ್ದರಿಂದ ಮಳೆಗಾಲದಲ್ಲಿ ಬಿಡುವು ಉದ್ದವಾದರೆ ವಾರಕ್ಕೊಮ್ಮೆ ನೀರು ಕೊಡಿ. ಎರಡನೇ ವರ್ಷದಿಂದ ಲೆಕ್ಕ ಬೇರೆ.

ಮಿರಗದಿಂದ ಪುಷ್ಯ ಮಳೆಯವರೆಗೆ, ಜುಲೈ ಕೊನೆಯ ತನಕ, ಮುಗಿಲಿಗೆ ಬಿಟ್ಟುಬಿಡಿ. ಮಳೆ ಹತ್ತು ದಿನ ಬಾರದಿದ್ದರೂ ಪೈಪು ಎತ್ತಬೇಡಿ. ಎಲೆ ಸ್ವಲ್ಪ ಬಾಡಲಿ. ಮುಂದಿನ ಮಳೆಗೆ ಅದರ ಉತ್ತರ ಬರುತ್ತದೆ. ಬಿಡುವು ಇಪ್ಪತ್ತು-ಇಪ್ಪತ್ತೈದು ದಿನಕ್ಕೆ ಹೋಯಿತೆಂದರೆ ನೀವೇ ಮಳೆಯಾಗಬಹುದು: ಸಂಜೆ, ನೆಲ ಆರಿದ ಮೇಲೆ, ಒಂದು ಚದರ ಮೀಟರ್ ಮಡಿಗೆ ಎರಡು ದೊಡ್ಡ ಕೊಡ ನೀರು ನಿಧಾನವಾಗಿ, ಮರುದಿನ ಮತ್ತೆ ಅಷ್ಟೇ. ಆಮೇಲೆ ಕೈಬಿಡಿ. ವಾರದೊಳಗೆ ದಂಟು ಕಾಣಬೇಕು.

ಈ ನೀರು ಮಳೆಯದಾದರೆ ಫಲ ಹೆಚ್ಚು. ಮಾಳಿಗೆಯ ನೀರು ಇಳಿಯುವ ಪೈಪಿನ ಕೆಳಗೆ ಒಂದು ಪೀಪಾಯಿ ಇಡಿ, ಒಂದೇ ಜೋರು ಮಳೆಗೆ ತುಂಬುತ್ತದೆ. ಬೋರಿನ ನೀರು ಬಹಳ ಕಡೆ ಗಡಸು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅದೇ ಸಾಕ್ಷಿ. ಇಂಥ ನೀರನ್ನೇ ವರ್ಷಗಟ್ಟಲೆ ಹಾಕಿದರೆ ಎಲೆಯ ನರ ಹಸಿರು ಉಳಿದು ನಡುವೆ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂದರ್ಥ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಹುಳಿ ಪುಡಿ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಗೋಣಿ ಹಾಸಿ ಸಿಂಪಡಿಸಿ.

ಆಗಸ್ಟ್-ಸೆಪ್ಟೆಂಬರ್ ನಮ್ಮಲ್ಲಿ ಮಳೆ ಒತ್ತುವ ಕಾಲ. ಆಗ ಮಾಡಬೇಕಾದದ್ದು ನೀರು ಹೊರಹಾಕುವ ಕೆಲಸ ಮಾತ್ರ: ಮಡಿಯ ಸಂದುಗಳಲ್ಲಿ ಕಸ ಸಿಕ್ಕಿದ್ದರೆ ತೆಗೆಯಿರಿ, ಸುತ್ತ ಒಂದು ಕಾಲುವೆ ಎಳೆಯಿರಿ. ಬಿಳಿ ಲಿಲ್ಲಿ ಹುಬ್ಬಿ-ಉತ್ತರಿಯ ಹೊತ್ತಿಗೆ ತುಂಬಿ ಬಿಡುತ್ತದೆ. ಹೂವು ಬಿಸಿಲೇರಿದಾಗ ಅರಳಿ ಸಂಜೆಗೆ ಮುಚ್ಚುತ್ತದೆ, ಆಯುಷ್ಯ ಎರಡು-ಮೂರು ದಿನ. ಹಾರಕ್ಕೆ, ಹೂದಾನಿಗೆ ಇದು ಆಗದು. ಅದಕ್ಕೆ ಸುಗಂಧರಾಜ ಇದೆ.

ಅಕ್ಟೋಬರಿನ ಚಿತ್ತಿ ಮಳೆ ಮುಗಿದ ಮೇಲೆ ನೀರು ಕಡಿಮೆ ಮಾಡುತ್ತ ಹೋಗಿ. ಡಿಸೆಂಬರ್‌ನಿಂದ ಗುಲಾಬಿ, ಹಳದಿ ಬಗೆಗಳಿಗೆ ಹೆಚ್ಚುಕಡಿಮೆ ನೀರೇ ಬೇಡ. ಎಲೆ ಹಣ್ಣಾಗಿ ತಾನೇ ಒಣಗಲಿ, ಹಸಿರಿರುವಾಗ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿನ ಆಹಾರ ಆ ಎಲೆಯಿಂದಲೇ ಗಡ್ಡೆಗೆ ಇಳಿಯುತ್ತಿರುತ್ತದೆ. ಬಿಳಿಗೆ ಮಾತ್ರ ಹತ್ತು-ಹನ್ನೆರಡು ದಿನಕ್ಕೊಮ್ಮೆ ನೀರು ಕೊಡಿ. ಮಾರ್ಚಿನಲ್ಲಿ ಮಡಿಯ ಮೇಲೆ ಎರಡು ಬೆರಳು ದಪ್ಪ ತೊಗರಿ ಹೊಟ್ಟು ಹರಡಿದರೆ ಮಣ್ಣು ಬಿರಿಯುವುದಿಲ್ಲ, ಕಾಯುವುದೂ ಕಡಿಮೆ. ಅದಕ್ಕಿಂತ ದಪ್ಪ ಹಾಕಿದರೆ ಗೆದ್ದಲು ಬರುತ್ತದೆ. ಮಿರಗದ ಮುಂಚೆ ಹೊಟ್ಟು ಬದಿಗೆ ಸರಿಸಿ, ಕತ್ತಿನ ಸುತ್ತ ಹಸಿ ಹೊಟ್ಟು ನಿಂತರೆ ಕೊಳೆಗೆ ದಾರಿ. ಮೇ ತಿಂಗಳಲ್ಲಿ ಮಡಿ ಬೋಳಾಗಿ ಕಂಡರೆ ಗಿಡ ಸತ್ತಿತೆಂದು ಅಗೆದು ನೋಡಬೇಡಿ.

ಕುಂಡದಲ್ಲಿ ಬೆಳೆಸುವವರಿಗೆ

ಅಗಲ ಹೆಚ್ಚು, ಆಳ ಕಡಿಮೆ ಇರುವ ಕುಂಡ: 10 ಇಂಚು ಬಾಯಿ, 6-7 ಇಂಚು ಆಳ. ಅದರಲ್ಲಿ ಹತ್ತರಿಂದ ಹದಿನೈದು ಗಡ್ಡೆ. ಸ್ವಲ್ಪ ಇಕ್ಕಟ್ಟಿದ್ದರೆ ಹೂವು ಚೆನ್ನ. ತಳಕ್ಕೆ ಜಲ್ಲಿ ಹಾಸುವ ರೂಢಿ ಬಿಡಿ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕೆಳಗಿಳಿಯುವುದಿಲ್ಲ, ಹೀಗಾಗಿ ಒದ್ದೆ ಪದರ ಗಡ್ಡೆಯ ಹತ್ತಿರಕ್ಕೇ ಏರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಕುಂಡಕ್ಕೆ ಕರಿ ಮಣ್ಣು ಬಳಸಲೇಬೇಡಿ, ಕೆಂಪು ಮಣ್ಣು, ಉಸುಕು, ಎರೆಗೊಬ್ಬರ ಸಮಪಾಲು ಹಾಕಿ.

ಕಪ್ಪು ಪ್ಲಾಸ್ಟಿಕ್ ಕುಂಡ ಮಾಳಿಗೆಯ ಮೇಲೆ ಮೇ ತಿಂಗಳಲ್ಲಿ ಇದ್ದರೆ ಗಡ್ಡೆ ಒಳಗೇ ಬೇಯುತ್ತದೆ. ಮಣ್ಣಿನ ಕುಂಡವೇ ಇರಲಿ, ಬೇಸಿಗೆಯಲ್ಲಿ ಪಡಸಾಲೆಯ ನೆರಳಿಗೆ ತಂದು ಒಣಗಿಸಿಡಿ, ಮಿರಗದ ಮೊದಲ ಮಳೆಗೆ ಬಯಲಿಗೆ ಒಯ್ಯಿರಿ. ಕುಂಡದವರಿಗೆ ಒಂದು ಅನುಕೂಲ ಇದೆ: ಕುಂಡಗಳನ್ನು ಎರಡು ಗುಂಪು ಮಾಡಿ, ಒಂದನ್ನು ಒಣಗಿಸುತ್ತ ಇನ್ನೊಂದನ್ನು ತೋಯಿಸಿದರೆ ಮಳೆಗಾಲವಿಡೀ ಯಾವುದಾದರೊಂದು ಹೂವಿನಲ್ಲಿರುತ್ತದೆ.

ಗೊಬ್ಬರ

ಹೆಚ್ಚು ಹೇಳುವಂಥದ್ದಿಲ್ಲ. ಮಿರಗದ ಹೊತ್ತಿಗೆ ಪ್ರತಿ ಗುಂಪಿಗೆ ಒಂದು ಹಿಡಿ ಎರೆಗೊಬ್ಬರ, ಸೆಪ್ಟೆಂಬರ್ ಕೊನೆಗೆ ಇನ್ನೊಂದು ಹಿಡಿ. ಯೂರಿಯಾ ಬೇಡ, ಎಲೆ ಉದ್ದವಾಗಿ ಮಲಗಿಬಿಡುತ್ತದೆ. ಗಡ್ಡೆ ಗಿಡಕ್ಕೆ ಎಲುಬಿನ ಪುಡಿ ಹಾಕಿ ಎಂದು ಎಲ್ಲೆಡೆ ಹೇಳುತ್ತಾರೆ, ಆದರೆ ಅದರ ರಂಜಕ ಹುಳಿ ಮಣ್ಣಿನಲ್ಲಿ ಮಾತ್ರ ಸರಿಯಾಗಿ ಕರಗುತ್ತದೆ. ನಮ್ಮ ಕ್ಷಾರ ಮಣ್ಣಿಗೆ ಹಾಕಿದ್ದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ.

ಹುಳು, ರೋಗ

ಮುಖ್ಯ ಶತ್ರು ಲಿಲ್ಲಿ ಹುಳು, ಕಪ್ಪು ಮೈಮೇಲೆ ಬಿಳಿ ಪಟ್ಟೆ, ಕೆಂಪು ಅಥವಾ ಹಳದಿ ಚುಕ್ಕೆಯ ಮರಿಹುಳು. ಗುಂಪಾಗಿ ಬಂದು ಎಲೆ ತಿಂದು, ಕೆಲವೊಮ್ಮೆ ಕತ್ತಿನ ಮೂಲಕ ಗಡ್ಡೆಗೂ ಇಳಿಯುತ್ತವೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಎಲೆ ಮಗುಚಿ ನೋಡಿ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಪರಿಹಾರ, ಅಂಗಳದ ಮಡಿಗೆ ಇದಕ್ಕಿಂತ ದೊಡ್ಡ ಔಷಧಿ ಬೇಡ. ಹೆಚ್ಚಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ.

ಎಲೆ, ದಂಟಿನ ಮೇಲೆ ಕೆಂಪು ಗೆರೆ, ಕಲೆ ಬಂದರೆ ಅದು ಶಿಲೀಂಧ್ರ. ಆ ಎಲೆ ಕತ್ತರಿಸಿ ಸುಡಿ, ಮೇಲಿನಿಂದ ನೀರು ಸುರಿಯುವುದು ನಿಲ್ಲಿಸಿ. ಎಲೆ ಬುಡದಲ್ಲೇ ಹಳದಿಯಾಗಿ ಎಳೆದರೆ ಸಲೀಸಾಗಿ ಕೈಗೆ ಬಂದರೆ ಗಡ್ಡೆ ಕೊಳೆತಿದೆ. ಅದನ್ನು ಸುತ್ತಲಿನ ಹಿಡಿ ಮಣ್ಣಿನ ಸಮೇತ ತೆಗೆದುಹಾಕಿ, ಪಕ್ಕದ ಗಡ್ಡೆಗಳನ್ನು ಎತ್ತಿ ನೆರಳಲ್ಲಿ ಎರಡು ದಿನ ಆರಿಸಿ ಬೇರೆ ಕಡೆ ನೆಡಿ. ಕುಂಡ ಒಣಗಿಸಿಟ್ಟ ಕಾಲದಲ್ಲಿ ಗಡ್ಡೆಯ ಸಿಪ್ಪೆಯಡಿ ಬಿಳಿ ಹಿಟ್ಟಿನ ತಿಗಣೆ ಸೇರಿಕೊಳ್ಳುತ್ತದೆ. ಇರುವೆ ಸಾಲು ಕುಂಡಕ್ಕೆ ಹತ್ತುತ್ತಿದ್ದರೆ ಅನುಮಾನಪಡಿ.

ಎಲ್ಲ ಸರಿ ಇದ್ದೂ ಹೂವು ಬಾರದಿದ್ದರೆ

ಮೊದಲು ನೀರಿನ ಲೆಕ್ಕ ನೋಡಿ, ಹತ್ತರಲ್ಲಿ ಏಳೆಂಟು ಕಡೆ ಉತ್ತರ ಅಲ್ಲೇ ಸಿಗುತ್ತದೆ ಎಂಬುದು ನನ್ನ ಅಂದಾಜು. ಆಮೇಲೆ ಬಿಸಿಲು: ನೆಟ್ಟಾಗ ಬಯಲಿದ್ದ ಜಾಗಕ್ಕೆ ಈಗ ಬೇವಿನ ಟೊಂಗೆ ಬಂದಿರಬಹುದು. ಆಮೇಲೆ ಆಳ: ಮಳೆಗೆ ಮಡಿಯ ಮಣ್ಣು ಕುಸಿದು ಗಡ್ಡೆ ಮೂರು-ನಾಲ್ಕು ಇಂಚು ಕೆಳಗೆ ಹೂತಿದ್ದರೆ ಎತ್ತಿ ನೆಡಿ. ಕೊನೆಗೆ ವಯಸ್ಸು: ನಾಲ್ಕು ವರ್ಷ ಬಿಡಿಸದೆ ಹಾಗೇ ಬಿಟ್ಟ ಗುಂಪಿನಲ್ಲಿ ಗಡ್ಡೆ ಒಂದರ ಮೇಲೊಂದು ಏರಿ ಎಲ್ಲವೂ ಸಣ್ಣವಾಗುತ್ತವೆ.

ಗಡ್ಡೆ ಬಿಡಿಸುವುದು, ಬೀಜ ಹಾಕುವುದು

ಮೂರು ವರ್ಷಕ್ಕೊಮ್ಮೆ, ಮೇ ಮೊದಲ ವಾರದಲ್ಲಿ ಗಡ್ಡೆ ಒಣಗಿ ಮಲಗಿರುವಾಗ, ಗುಂಪನ್ನು ಪೂರ್ತಿ ಎತ್ತಿ. ಮಣ್ಣು ಉದುರಿಸಿ, ತಾನೇ ಬಿಡುವ ಮರಿಗಳನ್ನಷ್ಟೇ ಬೇರ್ಪಡಿಸಿ. ಅಂಟಿಕೊಂಡಿದ್ದನ್ನು ಹರಿದರೆ ತಳದ ಬಿಲ್ಲೆಗೆ ಗಾಯವಾಗುತ್ತದೆ. ದಪ್ಪ ಗಡ್ಡೆ ಮಡಿಗೆ, ಕಡಲೆಕಾಳಿನಷ್ಟಿರುವುದು ಒಂದು ಹಳೆಯ ಬುಟ್ಟಿಯಲ್ಲಿ ಉಸುಕು ಮಣ್ಣಿಗೆ. ಗಾಳಿಯಾಡುವ ನೆರಳಲ್ಲಿ ಮೂರು-ನಾಲ್ಕು ವಾರ ಇಟ್ಟರೂ ಕೆಡುವುದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ.

ಬೀಜದಿಂದ ಮಾಡಲು ಹಳದಿಯೇ ಸರಿ. ಗುಲಾಬಿಗಳಲ್ಲಿ ಬೀಜ ಕಟ್ಟುವುದು ಕಡಿಮೆ. ಹೂವು ಬಾಡಿದ ಮೂರು-ನಾಲ್ಕು ವಾರಕ್ಕೆ ಮೂರು ಕೋಣೆಯ ಕಾಯಿ ಹಣ್ಣಾಗಿ ಬಿರಿಯುತ್ತದೆ, ಒಳಗೆ ಕಾಗದದಷ್ಟು ತೆಳ್ಳನೆಯ ಕಪ್ಪು ಬೀಜ. ಗಾಳಿಗೆ ಹಾರುವ ಮುಂಚೆ ಬೆಳಿಗ್ಗೆಯೇ ಕೊಯ್ದುಕೊಳ್ಳಿ, ಅದೇ ವಾರ ಬಿತ್ತಿ, ಇಟ್ಟಷ್ಟೂ ಮೊಳಕೆಯ ಶಕ್ತಿ ಕುಗ್ಗುತ್ತದೆ. ಅಗಲ ತಟ್ಟೆಯಲ್ಲಿ ಉಸುಕು-ಎರೆಗೊಬ್ಬರ ಹಾಕಿ, ಬೀಜ ಹರಡಿ, ಮೇಲೆ ಉಗುರು ದಪ್ಪ ಉಸುಕು ಉದುರಿಸಿ, ನೆರಳಲ್ಲಿ ತೇವ ಆರದಂತೆ ಇಡಿ. ಒಂದೆರಡು ವಾರಕ್ಕೆ ಸೂಜಿಯಂಥ ಎಲೆ ಏಳುತ್ತವೆ. ಈ ಸಸಿಗಳಿಗೆ ಒಣಗಿಸುವ ಪಾಠ ಈಗಲೇ ಬೇಡ. ಮೊದಲ ಬೇಸಿಗೆ ಪೂರ್ತಿ ನೆರಳಲ್ಲಿ, ನಾಲ್ಕು ದಿನಕ್ಕೊಮ್ಮೆ ನೀರು ಕೊಡುತ್ತ ದಾಟಿಸಿ, ಮರುವರ್ಷ ಮಿರಗಕ್ಕೆ ಮಡಿಗೆ ಇಳಿಸಿ. ಚೆನ್ನಾಗಿ ಬೆಳೆದವು ಅದೇ ಮಳೆಗಾಲದ ಕೊನೆಗೆ ಹೂ ಬಿಡುತ್ತವೆ, ಉಳಿದವು ಅದರ ಮುಂದಿನ ವರ್ಷ.